ಅಂಟಾರ್ಕ್ಟಿಕದ ಬಿರುಕು, ಬಳ್ಳಾರಿಯ ಉಕ್ಕು

ಬಳ್ಳಾರಿ: ಬೇಸಿಗೆಯಲ್ಲಿ ಸಿರುಗುಪ್ಪ, ಕುರುಗೋಡು ಸೀಮೆಯ ಎರೆಹೊಲಗಳು ಬಾಯಿ ಬಿಡುತ್ತವೆ. ಹದವಾದ ಮಳೆ ಬಿದ್ದರೆ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬಿರುಕು ಮುಚ್ಚಿಕೊಳ್ಳುತ್ತದೆ. ಅಂಟಾರ್ಕ್ಟಿಕದ ಹಿಮದಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ಬಿರುಕಿಗಿಳಿದ ನೀರು ಅದನ್ನು ಇನ್ನಷ್ಟು ಸೀಳುತ್ತದೆ.

ನೆಲದ ಮೇಲಿನ ಹಿಮನದಿಗಳು ಕಡಲಿಗೆ ಚಾಚಿಕೊಂಡು, ನೂರಾರು ಮೀಟರ್ ದಪ್ಪದ ಚಪ್ಪಡಿಗಳಾಗಿ ತೇಲುತ್ತಿರುತ್ತವೆ. ಇವೇ ಐಸ್ ಶೆಲ್ಫ್‌ಗಳು. ಬೇಸಿಗೆಯಲ್ಲಿ ಮೇಲ್ಮೈ ಕರಗಿದಾಗ ಆ ನೀರನ್ನು ಮೊದಲು ಸಡಿಲವಾದ ಹಿಮಪದರ ಹೀರಿಕೊಳ್ಳುತ್ತದೆ. ಅದರ ರಂಧ್ರಗಳು ತುಂಬಿ ಹೆಪ್ಪುಗಟ್ಟಿದ ಬಳಿಕ ನೀರು ಕೊಳಗಳಾಗಿ ನಿಲ್ಲುತ್ತದೆ. ಗಂಡಾಂತರ ಆರಂಭವಾಗುವುದು ಇಲ್ಲಿಂದ. ಹಿಮಗಡ್ಡೆಗಿಂತ ನೀರಿನ ಸಾಂದ್ರತೆ ಹೆಚ್ಚು. ಆದ್ದರಿಂದ ಬಿರುಕನ್ನು ಮುಚ್ಚಲು ಹಿಮ ಹಾಕುವ ಒತ್ತಡವನ್ನು ಒಳಗಿನ ನೀರಿನ ಒತ್ತಡ ಮೀರುತ್ತದೆ; ನೀರಿನ ಪೂರೈಕೆ ಇರುವಷ್ಟು ಕಾಲ ಬಿರುಕು ಆಳಕ್ಕಿಳಿಯುತ್ತದೆ. ಸಾಲದೆಂಬಂತೆ ಕೊಳದ ಭಾರಕ್ಕೆ ಚಪ್ಪಡಿ ಬಾಗುತ್ತದೆ, ನೀರು ಬಸಿದುಹೋದಾಗ ಮೇಲೇಳುತ್ತದೆ. ಈ ಏರಿಳಿತದಿಂದ ಸುತ್ತಲೂ ಹೊಸ ಬಿರುಕುಗಳು ಮೂಡಿ ಪಕ್ಕದ ಕೊಳವೂ ಒಡೆಯಬಹುದು.

2002ರಲ್ಲಿ ಲಾರ್ಸೆನ್-ಬಿ ಚಪ್ಪಡಿ ಕುಸಿದಾಗ ಇದೇ ಆಗಿತ್ತೆಂಬುದು ಬಹುತೇಕ ತಜ್ಞರ ನಿಲುವು. ಸಾವಿರಾರು ಕೊಳಗಳಿಂದ ತುಂಬಿದ್ದ, ಸುಮಾರು 220 ಮೀಟರ್ ದಪ್ಪದ ಆ ಚಪ್ಪಡಿಯ 3,250 ಚದರ ಕಿಲೊಮೀಟರ್ ಭಾಗ 35 ದಿನಗಳಲ್ಲಿ ಪುಡಿಪುಡಿಯಾಯಿತು. ನಿಂತ ನೀರೆಲ್ಲ ಹೀಗೆ ಮಾಡುತ್ತದೆಂದಲ್ಲ. ನಾನ್ಸೆನ್ ಐಸ್ ಶೆಲ್ಫ್‌ನಲ್ಲಿ ಕರಗಿದ ನೀರು ನದಿಯಾಗಿ ಹರಿದು, ಜಲಪಾತವಾಗಿ ಕಡಲಿಗೆ ಧುಮುಕುತ್ತದೆ.

ತೇಲುವ ಹಿಮ ಒಡೆದ ಮಾತ್ರಕ್ಕೆ ಕಡಲಮಟ್ಟ ಹೆಚ್ಚೇನೂ ಏರುವುದಿಲ್ಲ. ನಷ್ಟವಾಗುವುದು ಹಿಂದಿನ ಹಿಮನದಿಗಳಿಗಿದ್ದ ತಡೆ. ಲಾರ್ಸೆನ್-ಬಿ ಕುಸಿದ ಮೇಲೆ ಅಲ್ಲಿನ ಕೆಲವು ಹಿಮನದಿಗಳ ವೇಗ ಎಂಟು ಪಟ್ಟು ಹೆಚ್ಚಿತು. ಇಂತಹ ತಡೆ ಒದಗಿಸುವ ಚಪ್ಪಡಿಗಳ ವಿಸ್ತೀರ್ಣದಲ್ಲಿ ಸುಮಾರು ಶೇ 60ರಷ್ಟು, ಮೇಲೆ ನೀರು ತುಂಬಿದರೆ ಸೀಳುವ ಸ್ಥಿತಿಯಲ್ಲಿದೆ ಎಂದು 2020ರ ಅಧ್ಯಯನವೊಂದು ಹೇಳಿದೆ.

ಕಡಲು ಏರಿದರೆ ಮೊದಲ ಪೆಟ್ಟು ಮಂಗಳೂರು, ಕಾರವಾರಗಳಿಗೆ, ಬಳ್ಳಾರಿಗಲ್ಲ. ಆದರೆ ಗಾಳಿಯನ್ನು ಬಿಸಿಯಾಗಿಸುವವರ ಸಾಲಿನಲ್ಲಿ ಈ ಜಿಲ್ಲೆಗೂ ಸ್ಥಾನವಿದೆ. ತೋರಣಗಲ್ಲಿನ ಉಕ್ಕಿನ ಕುಲುಮೆಗಳು, ಕುಡಿತಿನಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಎರಡೂ ಉರಿಯುವುದು ಕಲ್ಲಿದ್ದಲಿನಿಂದ. ಊದುಕುಲುಮೆಯ ಒಂದು ಟನ್ ಉಕ್ಕಿಗೆ ಸರಾಸರಿ ಎರಡು ಟನ್‌ಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆದರೂ ಇಲ್ಲಿ ಮಾಲಿನ್ಯವೆಂದರೆ ಕೆಂಪು ದೂಳು ಎಂಬಲ್ಲಿಗೆ ಮಾತು ಮುಗಿಯುವುದೇ ಹೆಚ್ಚು. ಕಣ್ಣಿಗೆ ಕಾಣದ ಅನಿಲಕ್ಕೆ ಜನಪ್ರತಿನಿಧಿಗಳ ಭಾಷಣದಲ್ಲಿ ಜಾಗ ಸಿಗುವುದು ಕಷ್ಟ.

ಐರೋಪ್ಯ ಒಕ್ಕೂಟ ಆಮದು ಉಕ್ಕಿನ ಮೇಲೆ ಇಂಗಾಲದ ಶುಲ್ಕ ವ್ಯವಸ್ಥೆಯನ್ನು 2026ರ ಜನವರಿ 1ರಿಂದ ಪೂರ್ಣವಾಗಿ ಜಾರಿಗೆ ತಂದಿರುವುದರಿಂದ ಈ ಅನಿಲಕ್ಕೀಗ ಬೆಲೆಯೂ ಬಂದಿದೆ. ತೋರಣಗಲ್ಲಿನಲ್ಲಿ 2025ರಲ್ಲಿ ಹಸಿರು ಹೈಡ್ರೋಜನ್ ಘಟಕವೊಂದು ಆರಂಭವಾಯಿತು. ವರ್ಷಕ್ಕೆ ಕೋಟಿ ಟನ್‌ಗೂ ಮಿಕ್ಕಿ ಉಕ್ಕು ತಯಾರಿಸುವ ಸಾಮರ್ಥ್ಯದ ಆ ಸ್ಥಾವರದಲ್ಲಿ ಅದರ ಪಾಲು ಅತ್ಯಲ್ಪ. ಊದುಕುಲುಮೆಗಳು ಇಂದಿಗೂ ಕಲ್ಲಿದ್ದಲನ್ನೇ ನೆಚ್ಚಿಕೊಂಡಿವೆ.