ಕ್ಲಿನಿಕಲಿ ಕೋರಿಲೇಟ್ ಮಾಡೋದು ಯಾರು ಸ್ವಾಮಿ?

ಎಂಆರ್‌ಐ ರಿಪೋರ್ಟಿನ ಕೊನೆಯ ಸಾಲನ್ನ ನೀವೂ ನೋಡಿರ್ತೀರಿ: 'ಸಜೆಸ್ಟ್ ಕ್ಲಿನಿಕಲ್ ಕೋರಿಲೇಶನ್'. ಚಿತ್ರದಲ್ಲಿ ಕಂಡದ್ದನ್ನ ರೋಗಿಯ ಕಷ್ಟದ ಜೊತೆ ತಾಳೆ ಹಾಕಿ ನೋಡಿ ಅಂತ ಅರ್ಥ. ಬರೆದದ್ದರಲ್ಲಿ ತಪ್ಪೇನಿಲ್ಲ. ನನ್ನ ತಕರಾರು ಬೇರೆ. ಈ ಕೆಲಸವನ್ನ ಯಾರ ಹೆಸರಿಗೆ ಹಾಕಿದ್ದಾರೆ? ಆಫೀಸಿನಲ್ಲಿ ಯಾರಿಗೂ ಅಸೈನ್ ಆಗದ ಟಿಕೆಟ್ಟಿನ ಗತಿ ಏನಾಗುತ್ತೆ ಅಂತ ನಿಮಗೆ ಗೊತ್ತು. ಸ್ಪ್ರಿಂಟ್ ಮೇಲೆ ಸ್ಪ್ರಿಂಟ್ ಮುಗಿದರೂ ಅದು ಅಲ್ಲೇ ಕೂತಿರುತ್ತೆ. ನಮ್ಮಕ್ಕನ ಟಿಕೆಟ್ಟು ಹದಿನಾಲ್ಕು ತಿಂಗಳು ಕೂತಿತ್ತು.

ನಮ್ಮೂರು ತಾಂಡವಪುರ. ಕಾಡಿನ ಮಧ್ಯದ ಹಳ್ಳಿಯೇನಲ್ಲ. ರೈಲ್ವೆ ಸ್ಟೇಷನ್ ಇದೆ, ಇಂಡಸ್ಟ್ರಿಯಲ್ ಏರಿಯಾ ಇದೆ, ಒಂದು ಕಡೆ ನಂಜನಗೂಡು, ಇನ್ನೊಂದು ಕಡೆ ಮೈಸೂರು. ಅಕ್ಕ ಅಲ್ಲೇ ಒಂದು ಫ್ಯಾಕ್ಟರಿಯ ಪ್ಯಾಕಿಂಗ್ ಸೆಕ್ಷನ್ನಿನಲ್ಲಿದ್ದಳು. ಮೊದಲು ಎಡಗಣ್ಣು. ಅತ್ತಿತ್ತ ಹೊರಳಿಸಿದರೆ ನೋವು, ಆಮೇಲೆ ಮಂಜು. ಬಲಗಣ್ಣಲ್ಲಿ ನೋಡಿದರೆ ಕುಂಕುಮ ಕುಂಕುಮದ ಹಾಗೇ ಇತ್ತು, ಎಡಗಣ್ಣಲ್ಲಿ ಒಗೆದು ಮಾಸಿದ ಬಟ್ಟೆಯ ಬಣ್ಣ. ಕನ್ನಡಕ ಬಂತು, ಕಣ್ಣಿಗೆ ಡ್ರಾಪ್ಸ್ ಬಂತು, ಚಿಕ್ಕಮ್ಮ ನಂಜುಂಡೇಶ್ವರನಿಗೆ ಹರಕೆ ಹೊತ್ತಳು. ನಾಲ್ಕು ವಾರದಲ್ಲಿ ದೃಷ್ಟಿ ವಾಪಸ್ ಬಂತು.

ಈ ಕಾಯಿಲೆಯ ದೊಡ್ಡ ಮೋಸ ಇದೇ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್, ಹೆಚ್ಚಿನವರಲ್ಲಿ ಬಂದು ಹೋಗುವ ದಾಳಿಗಳಾಗಿ ಶುರುವಾಗುತ್ತೆ. ದಾಳಿ ಬರುತ್ತೆ, ಕೆಲವು ವಾರ ಕಾಡುತ್ತೆ, ತಾನೇ ಇಳಿಯುತ್ತೆ. ಇಳಿಯುವ ಹೊತ್ತಿಗೆ ಪಕ್ಕದಲ್ಲಿ ಯಾರಿದ್ದರೋ ಕ್ರೆಡಿಟ್ಟು ಅವರಿಗೆ. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣು ವಾಸಿ ಮಾಡಿ ಹಕೀಂ ನಂಜುಂಡ ಅನ್ನಿಸಿಕೊಂಡ ದೇವರು ನಮ್ಮವನು. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನೇನೂ ಫೀಸು ಕೇಳಲಿಲ್ಲ. ಸಿಟ್ಟಿರೋದು ಫೀಸು ತಗೊಂಡು ಪ್ರಶ್ನೆ ಕೇಳದೇ ಕಳಿಸಿದವರ ಮೇಲೆ.

ಎಂಟು ತಿಂಗಳಾದ ಮೇಲೆ ಸೊಂಟದಿಂದ ಕೆಳಗೆ ಜೋಮು. ಬಿ12 ಕಮ್ಮಿ ಅಂದರು, ಇಂಜೆಕ್ಷನ್ ಕೊಟ್ಟರು. ಬಿ12 ನೋಡಲೇಬೇಕಾದದ್ದು, ಅದರ ಕೊರತೆಯೂ ಬೆನ್ನುಹುರಿಯನ್ನ ಕೆಡಿಸುತ್ತೆ. ಅದರ ಜೊತೆಗೇ ಸ್ಕ್ಯಾನೂ ಆಯ್ತು. ರಿಪೋರ್ಟಿನಲ್ಲಿ 'ನಾನ್-ಸ್ಪೆಸಿಫಿಕ್ ವೈಟ್ ಮ್ಯಾಟರ್ ಹೈಪರ್‌ಇಂಟೆನ್ಸಿಟೀಸ್', ಪಕ್ಕದಲ್ಲಿ 'ಡಿಮೈಲಿನೇಶನ್' ಅಂತ ಬರೆದು ಒಂದು ಪ್ರಶ್ನಾರ್ಥಕ ಚಿಹ್ನೆ. ಅದನ್ನ ಅರ್ಧ ನಿಮಿಷ ನೋಡಿದ ಡಾಕ್ಟರು ಹೇಳಿದ್ದು, "ಏನಿಲ್ಲಮ್ಮ, ವೀಕ್ನೆಸ್ಸು. ಟೆನ್ಶನ್ ಮಾಡ್ಕೋಬೇಡ." ಎಂಎಸ್ ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು ಬರುತ್ತೆ. ಟೆನ್ಶನ್ ಅನ್ನೋ ಡಯಾಗ್ನೋಸಿಸ್ ಅವರಿಗೆ ಇನ್ನೆಷ್ಟು ಪಟ್ಟು ಹೆಚ್ಚು ಸಿಗುತ್ತೋ, ಅದನ್ನ ಎಣಿಸಿದವರು ಯಾರೂ ಇದ್ದಂತಿಲ್ಲ.

ಮೂರನೇ ದಾಳಿಗೆ ಎಲ್ಲ ಎರಡೆರಡಾಗಿ ಕಾಣೋಕೆ ಶುರುವಾದಾಗ ಬೆಂಗಳೂರಿಗೆ ಕರ್ಕೊಂಡು ಬಂದೆ. ಅಲ್ಲಿ ನರರೋಗ ತಜ್ಞೆಯೊಬ್ಬರು ನಲವತ್ತು ನಿಮಿಷ ಕೂತು ಕೇಳಿದರು. ಅದರಲ್ಲೊಂದು ಪ್ರಶ್ನೆ: ಬಿಸಿನೀರು ಸ್ನಾನ ಮಾಡಿದರೆ ಏನಾದರೂ ವ್ಯತ್ಯಾಸ ಆಗುತ್ತಾ? ಅಕ್ಕ ತಕ್ಷಣ ಅಂದಳು, "ಹಬ್ಬದ್ ದಿನ ಎಣ್ಣೆ ಹಚ್ಕೊಂಡು ಹಂಡೆ ನೀರು ಹುಯ್ಕಂಡ್ರೆ ಕಣ್ಣು ಮಂಜಾಯ್ತದೆ ಡಾಕ್ಟ್ರೇ. ಆಮೇಲೆ ಸರಿಹೋಯ್ತದೆ." ಮೈ ಬಿಸಿಯಾದಾಗ ಹಳೇ ಲಕ್ಷಣ ಮತ್ತೆ ತಲೆ ಎತ್ತೋದನ್ನ ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್ ಬರೆದಿಟ್ಟಿದ್ದು 1890ರಲ್ಲಿ, ಎಂಆರ್‌ಐ ಅನ್ನೋದೇ ಇಲ್ಲದ ಕಾಲದಲ್ಲಿ. ಆಮೇಲೆ ಹದಿನಾಲ್ಕು ತಿಂಗಳ ಹಳೇ ಸಿಡಿ ತೆಗೆದು ನೋಡಿದರೆ ಚುಕ್ಕೆಗಳು ಆವತ್ತೇ ಅಲ್ಲಿದ್ದವು. ಕೇಳುವವರು ಮಾತ್ರ ಇರಲಿಲ್ಲ.

ಈಗ ಚುಕ್ಕೆಗಳ ವಿಷಯ. ಸ್ಕ್ಯಾನಿನಲ್ಲಿ ಬಿಳೀ ಚುಕ್ಕೆ ಕಂಡರೆ ಎಂಎಸ್ ಅಂತ ಅಲ್ಲ. ಮೈಗ್ರೇನ್ ಇದ್ದವರಿಗೂ ಇರುತ್ತೆ, ಬಿಪಿ ಶುಗರ್ ಇದ್ದವರಿಗೂ, ಸುಮ್ಮನೆ ವಯಸ್ಸಾದವರಿಗೂ. ಎಷ್ಟು ಚುಕ್ಕೆ ಅನ್ನೋದಕ್ಕಿಂತ ಎಲ್ಲಿ ಅನ್ನೋದು ಮುಖ್ಯ. ಮೆದುಳಿನೊಳಗಿನ ನೀರಿನ ಕೋಣೆಗಳ ಅಂಚಿನಲ್ಲಾ, ಮೇಲ್ಪದರಕ್ಕೆ ಅಂಟಿಕೊಂಡಾ, ಮೆದುಳುಕಾಂಡ ಮತ್ತು ಕಿರುಮೆದುಳಿನ ಕಡೆಯಾ, ಬೆನ್ನುಹುರಿಯಲ್ಲಾ? 2001ರಲ್ಲಿ ಬಂದು ಆಮೇಲೆ ಹಲವು ಸಲ ಪರಿಷ್ಕರಣೆಯಾದ ಮೆಕ್‌ಡೊನಾಲ್ಡ್ ಮಾನದಂಡದ ತಿರುಳು ಇಷ್ಟು: ಹಾನಿ ಒಂದಕ್ಕಿಂತ ಹೆಚ್ಚು ಜಾಗದಲ್ಲಿ ಆಗಿರಬೇಕು, ಬೇರೆ ಬೇರೆ ಸಮಯದಲ್ಲಿ ಆಗಿದ್ದಕ್ಕೆ ಪುರಾವೆಯೂ ಬೇಕಾಗಿತ್ತು (2017ರ ಆವೃತ್ತಿಯವರೆಗೆ), ಇದನ್ನ ಇನ್ನೂ ಚೆನ್ನಾಗಿ ವಿವರಿಸೋ ಬೇರೆ ಕಾಯಿಲೆ ಇರಬಾರದು. ಕೈಗೆ ಚುಚ್ಚಿ ಕೊಡೋ ಗ್ಯಾಡೊಲಿನಿಯಂ ಕಾಂಟ್ರಾಸ್ಟ್ ಹೊಸ ಉರಿಯೂತವನ್ನ ಬೆಳಗಿಸಿ ತೋರಿಸುತ್ತೆ, ಹಳೇ ಗಾಯ ಬೆಳಗಲ್ಲ. ಹಾಗಾಗಿ ಒಮ್ಮೊಮ್ಮೆ ಒಂದೇ ಸ್ಕ್ಯಾನಿನಲ್ಲಿ ಎರಡು ಕಾಲ ಸಿಗುತ್ತೆ. ಇಲ್ಲದಿದ್ದರೆ ಬೆನ್ನಿನಿಂದ ನೀರು ತೆಗೆದು ಆಲಿಗೋಕ್ಲೋನಲ್ ಬ್ಯಾಂಡ್ ಇದೆಯಾ ಅಂತ ನೋಡ್ತಾರೆ. (ಬೆನ್ನಿನ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತೆ ಅನ್ನೋ ಭಯ ನಮ್ಮ ಕಡೆ ಎಷ್ಟಿದೆ ಅಂದರೆ, ಅಕ್ಕನನ್ನ ಒಪ್ಪಿಸೋದಕ್ಕಿಂತ ಭಾವನನ್ನ ಒಪ್ಪಿಸೋದು ಕಷ್ಟವಾಯ್ತು.)

ಇದು ಹಳ್ಳಿಯವರ ಗೋಳು ಅಂತ ಓದ್ತಿರೋ ಗೆಳೆಯರೇ, ನಿಮ್ಮ ಸರದಿ ಈಗ. ಅಕ್ಕನ ಸ್ಕ್ಯಾನ್ ಯಾರೂ ಓದಲಿಲ್ಲ, ನಿಮ್ಮದನ್ನ ಅಗತ್ಯಕ್ಕಿಂತ ಹೆಚ್ಚು ಓದ್ತಾರೆ. ತಲೆನೋವಿಗೆ ಸೀದಾ ಎಂಆರ್‌ಐ, ರಾತ್ರಿ ಹನ್ನೊಂದಕ್ಕೆ ಪಿಡಿಎಫ್ ವಾಟ್ಸಾಪಿಗೆ, ಹನ್ನೊಂದೂವರೆಗೆ ಚಾಟ್‌ಬಾಟಿಗೆ, ಬೆಳಗ್ಗೆ ಹೊತ್ತಿಗೆ ನೀವು ವೀಲ್‌ಚೇರಿನಲ್ಲಿ. ಅಮೆರಿಕದ ಲಾಸ್ ಏಂಜಲೀಸಿನ ಎರಡು ದೊಡ್ಡ ಕೇಂದ್ರಗಳಿಗೆ ಎಂಎಸ್ ಅಂತ ಹಣೆಪಟ್ಟಿ ಹೊತ್ತು ಬಂದವರನ್ನ ಮತ್ತೆ ಪರೀಕ್ಷಿಸಿದಾಗ ಸುಮಾರು ನೂರಕ್ಕೆ 18 ಜನಕ್ಕೆ ಆ ಕಾಯಿಲೆಯೇ ಇರಲಿಲ್ಲ. 2019ರಲ್ಲಿ ಪ್ರಕಟವಾದ ಅಧ್ಯಯನ. ಅಂಥವರಲ್ಲಿ ಹೆಚ್ಚು ಕಂಡದ್ದು ಬರೀ ಮೈಗ್ರೇನ್. ಬಾಟ್ ಬುದ್ಧಿವಂತ ಇರಬಹುದು, ಆದರೆ ಅದು ಓದೋದು ರಿಪೋರ್ಟಿನ ಇಂಗ್ಲಿಷನ್ನ. ಹಂಡೆ ನೀರಿನ ವಿಷಯ ಪಿಡಿಎಫ್‌ನಲ್ಲಿ ಇರಲ್ಲ.

"ಇದು ಬಿಳಿಯರ ಕಾಯಿಲೆ ಕಣ್ರಿ, ನಮ್ಮಲ್ಲೆಲ್ಲಿ" ಅನ್ನೋರೂ ಇದ್ದಾರೆ. ಮಂಗಳೂರಿನಲ್ಲಿ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಎಣಿಸಿ 2014ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಲಕ್ಷಕ್ಕೆ 8ಕ್ಕಿಂತ ಹೆಚ್ಚು ಜನ ಸಿಕ್ಕಿದರು. ಯುರೋಪಿಗೆ ಹೋಲಿಸಿದರೆ ಕಮ್ಮಿ, ಇಲ್ಲವೇ ಇಲ್ಲ ಅನ್ನೋ ಹಾಗಂತೂ ಅಲ್ಲ. ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ಕಣ್ಣನ್ನೂ ಬೆನ್ನುಹುರಿಯನ್ನೂ ಹಿಡಿಯೋ ಎನ್‌ಎಂಒ ಅನ್ನೋ ಬೇರೆ ಕಾಯಿಲೆ ಎಂಎಸ್‌ನ ವೇಷದಲ್ಲೇ ಬರುತ್ತೆ. ಅದನ್ನ ಬೇರೆ ಮಾಡಿ ತೋರಿಸೋ ಪ್ರತಿಕಾಯ 2004ರಲ್ಲಷ್ಟೇ ಪತ್ತೆಯಾಯ್ತು, ರಕ್ತ ಪರೀಕ್ಷೆಯಲ್ಲೇ ಸಿಗುತ್ತೆ. ಎಂಎಸ್‌ಗೆ ಕೊಡೋ ಇಂಟರ್‌ಫೆರಾನ್‌ನಂಥ ಔಷಧಿ ಎನ್‌ಎಂಒ ಇದ್ದವರಿಗೆ ಕೊಟ್ಟರೆ ಕಾಯಿಲೆ ಕೆರಳುತ್ತೆ. ತಾಳೆ ಹಾಕದೇ ಬಿಡೋದು ಒಂದು ಅಪಾಯ, ಅವಸರದಲ್ಲಿ ತಪ್ಪು ತಾಳೆ ಹಾಕೋದು ಅದಕ್ಕಿಂತ ದೊಡ್ಡದು.

ಹಾಗೇ ನಿಮ್ಮ ಕ್ರಿಟಿಕಲ್ ಇಲ್‌ನೆಸ್ ಪಾಲಿಸಿಯ ಪಿಡಿಎಫ್ ತೆಗೆದು 'ಮಲ್ಟಿಪಲ್ ಸ್ಕ್ಲೆರೋಸಿಸ್ ವಿತ್ ಪರ್ಸಿಸ್ಟಿಂಗ್ ಸಿಂಪ್ಟಮ್ಸ್' ಅಂತ ಹುಡುಕಿ. ಐಆರ್‌ಡಿಎಐ ಕೊಟ್ಟಿರೋ ಸ್ಟಾಂಡರ್ಡ್ ವ್ಯಾಖ್ಯೆ ಅದು. ಕೈಕಾಲಿನ ಅಥವಾ ಸ್ಪರ್ಶದ ತೊಂದರೆ ಕನಿಷ್ಠ 6 ತಿಂಗಳು ಬಿಡದೇ ಇರಬೇಕಂತೆ. ಬಂದು ಹೋಗೋದೇ ಸ್ವಭಾವವಾಗಿರೋ ಕಾಯಿಲೆಗೆ, ಬೇಗ ಔಷಧಿ ಶುರುಮಾಡಿ ಊನ ಉಳಿಯದ ಹಾಗೆ ನೋಡಿಕೊಳ್ಳೋದೇ ಗುರಿಯಾಗಿರೋ ಕಾಯಿಲೆಗೆ ಈ ಷರತ್ತು! ಡಾಕ್ಟರು ಚೆನ್ನಾಗಿ ನೋಡಿಕೊಂಡಷ್ಟೂ ಕ್ಲೈಮು ದೂರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾತ್ರ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಎಂಎಸ್ ಹೆಸರು ಹೇಳಿದೆ. ಅದೂ ಎಷ್ಟು ಎಚ್‌ಆರ್‌ಗಳಿಗೆ ಗೊತ್ತೋ.

"ಹಳ್ಳಿಯವರಿಗೆ ಇದೆಲ್ಲ ಹೇಳಿದ್ರೆ ಅರ್ಥ ಆಗುತ್ತೇನ್ರಿ?" ಇದು ನನಗೆ ಮೈ ಉರಿಸೋ ಮಾತು. ನರದ ಮೇಲೆ ಮಯಲಿನ್ ಅನ್ನೋ ಹೊದಿಕೆ ಇರುತ್ತೆ, ನಮ್ಮ ದೇಹದ ರಕ್ಷಣಾ ಪಡೆಯೇ ಅದನ್ನ ತಿಂದು ಹಾಕುತ್ತೆ ಅಂತ ಅವ್ವನಿಗೆ ಹೇಳಿದೆ. ಅವ್ವ ಓದಿರೋದು ನಾಲ್ಕನೇ ಕ್ಲಾಸು. "ಮೋಟ್ರು ವೈರ್‌ನ ಇಲಿ ಕಡ್ದಂಗೆ ಅನ್ನು. ಕರೆಂಟು ಬತ್ತದೆ, ಮೋಟ್ರು ಮಾತ್ರ ಒಂದ್ಸಲ ತಿರುಗ್ತದೆ ಒಂದ್ಸಲ ತಿರುಗಲ್ಲ" ಅಂದಳು. ಇಷ್ಟನ್ನ ವೈಟ್‌ಕೋಟಿನವರು ಯಾರೂ ಎರಡು ವರ್ಷದಲ್ಲಿ ನಮ್ಮ ಮನೆಯವರಿಗೆ ಹೇಳಿರಲಿಲ್ಲ.

ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಶುರುಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್‌ನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ತಲೆನೋವು, ಮೂರ್ಛೆ, ಪಾರ್ಶ್ವವಾಯು, ಮರೆವಿನ ಕಾಯಿಲೆಗಳ ತರಬೇತಿ ಕೊಡ್ತಾರೆ. ಒಳ್ಳೇ ಕೆಲಸ. ಆ ತರಬೇತಿಗೆ ಒಂದು ಪುಟ ಸೇರಿಸಿ: ಇಪ್ಪತ್ತರಿಂದ ನಲವತ್ತರ ಹೆಂಗಸು, ಒಂದು ಕಣ್ಣು ಮಂಜಾಗಿ ಸರಿಹೋಗಿತ್ತು, ಈಗ ಕಾಲು ಜೋಮು ಅಂದರೆ ಟೆನ್ಶನ್ ಅನ್ನಬೇಡಿ, ನರರೋಗ ತಜ್ಞರ ಹತ್ತಿರ ಕಳಿಸಿ. ಸ್ಕ್ಯಾನಿಂಗ್ ಸೆಂಟರಿನವರು ರಿಪೋರ್ಟಿನ ಕೊನೇ ಸಾಲಿನ ಕೆಳಗೆ ಇನ್ನೊಂದು ಸಾಲು ಕನ್ನಡದಲ್ಲಿ ಹಾಕಲಿ: ಇದನ್ನ ಯಾರಿಗೆ ತೋರಿಸಬೇಕು, ಎಷ್ಟು ದಿನದೊಳಗೆ. ಸಿಡಿ ಕೇಳಿದಾಗ ಫಿಲ್ಮ್ ಕೊಟ್ಟಿದ್ದೀವಲ್ಲ ಅಂತ ಮುಖ ತಿರುಗಿಸೋದನ್ನೂ ಬಿಡಲಿ. ಮುಂದಿನ ಸ್ಕ್ಯಾನನ್ನ ಹೋಲಿಸಿ ನೋಡೋಕೆ ಬೇಕಾಗಿರೋದು ಆ ಸಿಡಿಯೇ.