ಡೈಲಾಗ್ ಇಲ್ಲದೆ ಇತಿಹಾಸ ಹೆಂಗೆ ಸರ್?

ಹೋದ ವರ್ಷ ಒಂದು ಕಾಲೇಜಿನಲ್ಲಿ 'ಶಿರಾಜ್' ತೋರಿಸಲು ಹೋಗಿದ್ದೆ. 1928ರ ಮೂಕಿ ಚಿತ್ರ, ತಾಜ್‌ಮಹಲಿನ ಕತೆ. ಹಾಲ್ ತುಂಬಿತ್ತು. ಶುರುವಿಗೆ ಮುಂಚೆ ನಾನು ಹತ್ತು ನಿಮಿಷ ಮಾತಾಡಿದೆ: ಇದು ನಮ್ಮ ಪರಂಪರೆ, ಚಾರಿತ್ರಿಕ ಮಹತ್ವದ ಕೃತಿ, ದಯವಿಟ್ಟು ತಾಳ್ಮೆಯಿಂದ ನೋಡಿ. ಅರ್ಧ ಗಂಟೆಯಾಗುವಷ್ಟರಲ್ಲಿ ಹಿಂದಿನ ಮೂರು ಸಾಲು ಖಾಲಿ. ಕಾರಿಡಾರಿನಲ್ಲಿ ಸಿಕ್ಕಿದ ಹುಡುಗನೊಬ್ಬ ಮುಜುಗರಪಡುತ್ತಲೇ ಕೇಳಿದ: "ಡೈಲಾಗೇ ಇಲ್ಲದೆ ಹಿಸ್ಟಾರಿಕಲ್ ಫಿಲ್ಮ್ ಹೆಂಗೆ ಸರ್?"

ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ. ಡೈಲಾಗ್ ಇಲ್ಲದಿರುವುದು ಆ ಚಿತ್ರದ ಕೊರತೆಯಲ್ಲ, ಅದೇ ಅದರ ಬಲ. ಐತಿಹಾಸಿಕ ಚಿತ್ರಗಳನ್ನು ಕೆಡಿಸಿದ್ದು ಮಾತು.

ಯೋಚಿಸಿ ನೋಡಿ. ಹಳೆಯ ಕಾಲದ ಉಡುಪನ್ನು ಆ ಕಾಲದ ವರ್ಣಚಿತ್ರಗಳಿಂದ ನಕಲು ಮಾಡಬಹುದು. ಕೋಟೆಗಳು ಇನ್ನೂ ನಿಂತಿವೆ. ಆದರೆ ನಾನೂರು ವರ್ಷದ ಹಿಂದೆ ಒಬ್ಬ ದೊರೆ ತನ್ನ ಹೆಂಡತಿಯ ಹತ್ತಿರ ಯಾವ ದನಿಯಲ್ಲಿ ನೀರು ಕೇಳುತ್ತಿದ್ದ? ಯಾವ ಶಾಸನದಲ್ಲೂ ಅದು ಕೆತ್ತಿಲ್ಲ. ಟಾಕಿ ಚಿತ್ರ ಆ ಬಾಯಿಗೆ ಏನನ್ನಾದರೂ ತುಂಬಲೇಬೇಕು. ತುಂಬುವುದೇನು? ಗ್ರಾಂಥಿಕ ಗರ್ಜನೆ. ದೊರೆ ನೀರು ಕೇಳಿದರೂ ಯುದ್ಧ ಸಾರಿದ ಹಾಗಿರುತ್ತದೆ. ಇವತ್ತಿನ ರಾಜಕೀಯವನ್ನು ಅಂದಿನ ಬಾಯಲ್ಲಿ ಆಡಿಸುತ್ತಾರೆ, ಶಿಳ್ಳೆ ಎಲ್ಲಿ ಬೀಳಬೇಕೆಂದು ಮೊದಲೇ ಲೆಕ್ಕ ಹಾಕಿ ಬರೆಯುತ್ತಾರೆ. ನಾವು ಇತಿಹಾಸ ನೋಡಿದೆವೆಂದುಕೊಂಡು ಮನೆಗೆ ಬರುತ್ತೇವೆ.

ಮೂಕಿಗೆ ಆ ಸವಲತ್ತು ಇರಲಿಲ್ಲ. ನಡುನಡುವೆ ನಾಲ್ಕು ಸಾಲಿನ ಬರಹ, ಅಷ್ಟೇ. ಉಳಿದದ್ದನ್ನೆಲ್ಲ ಮುಖ, ಕೈ, ನಡಿಗೆ, ಕಲ್ಲು, ಬಿಸಿಲು ಹೇಳಬೇಕಿತ್ತು. 'ಶಿರಾಜ್' ಪೂರ್ತಿ ಚಿತ್ರೀಕರಣವಾದದ್ದು ನಮ್ಮ ದೇಶದಲ್ಲೇ. ನಿರ್ದೇಶಕ ಜರ್ಮನಿಯ ಫ್ರಾಂಜ್ ಆಸ್ಟೆನ್. ನಿರ್ಮಾಪಕ ಹಿಮಾಂಶು ರಾಯ್ ತಾನೇ ಶಿರಾಜ್ ಪಾತ್ರ ಮಾಡಿದ್ದ. ಶಿರಾಜ್‌ಗೆ ಆನೆಯ ಕಾಲಡಿ ಸಾಯುವ ಶಿಕ್ಷೆಯಾಗುವ ದೃಶ್ಯ ನೋಡಿ. ಆನೆ ನಿಜದ್ದು, ಕೆಳಗೆ ಮಲಗಿದವನೂ ನಿಜದವನು. ಅವನು ಒಂದು ವೀರಾವೇಶದ ಮಾತನ್ನೂ ಆಡುವುದಿಲ್ಲ. ಆ ಕಾಲದ ನ್ಯಾಯ ಹೇಗಿತ್ತೆಂದು ಹೊಟ್ಟೆಗೇ ತಿಳಿಯುತ್ತದೆ.

ಇಲ್ಲಿ ಒಂದು ತಕರಾರು ಏಳುತ್ತದೆ, ಸರಿಯಾದ ತಕರಾರೇ. 'ಶಿರಾಜ್' ಹೇಳುವ ಕತೆ ಕಟ್ಟುಕತೆ. ಮುಮ್ತಾಜ್ ಮಹಲ್ ಕುಂಬಾರರ ಮನೆಯಲ್ಲಿ ಬೆಳೆದ ಹುಡುಗಿಯಲ್ಲ, ಆಸಫ್ ಖಾನನ ಮಗಳು. ಇನ್ನೂ ಕೆಟ್ಟ ಉದಾಹರಣೆ ಬೇಕಿದ್ದರೆ ಗ್ರಿಫಿತ್‌ನ 'ದಿ ಬರ್ತ್ ಆಫ್ ಎ ನೇಷನ್' ಇದೆ. ಕಪ್ಪು ಜನರನ್ನು ರಾಕ್ಷಸರನ್ನಾಗಿಸಿ, ಕೂ ಕ್ಲಕ್ಸ್ ಕ್ಲಾನನ್ನು ರಕ್ಷಕರೆಂದು ತೋರಿಸಿದ 1915ರ ಚಿತ್ರ. ಮೂಕಿಯೂ ಸುಳ್ಳು ಹೇಳಬಲ್ಲದು, ಘೋರವಾದ ಸುಳ್ಳನ್ನೇ ಹೇಳಬಲ್ಲದು. ಆದರೆ ಒಂದನ್ನು ಗಮನಿಸಿ. ಆ ಸುಳ್ಳಿಗೆ ಮೊಹರು ಒತ್ತಲು ಗ್ರಿಫಿತ್‌ಗೂ ಮಾತೇ ಬೇಕಾಯಿತು. ವುಡ್ರೋ ವಿಲ್ಸನ್ ಬರೆದ ಇತಿಹಾಸದ ಸಾಲುಗಳನ್ನು ಬರಹದ ಫಲಕಗಳಲ್ಲಿ ಹಾಕಿಕೊಂಡ.

ಇದಕ್ಕೆ ತದ್ವಿರುದ್ಧವಾಗಿ ನಿಲ್ಲುವುದು ಡ್ರೇಯರ್‌ನ 'ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್', 1928ರದ್ದೇ. 1431ರ ವಿಚಾರಣೆಯ ದಾಖಲೆಗಳನ್ನು ಆಧರಿಸಿದ ಚಿತ್ರ. ವಿಚಾರಣೆ ಎಂದರೆ ಬರೀ ಮಾತು. ಅದನ್ನು ಮೂಕಿಯಲ್ಲಿ ಮಾಡುವುದು ಹುಚ್ಚೆನಿಸಬಹುದು. ಭಾರಿ ಖರ್ಚಿನಲ್ಲಿ ಸೆಟ್ ಹಾಕಿಸಿದ ಡ್ರೇಯರ್ ಅದನ್ನು ಸರಿಯಾಗಿ ತೋರಿಸಲೂ ಇಲ್ಲ. ಕ್ಯಾಮೆರಾವನ್ನು ಫಾಲ್ಕೊನೆಟ್ಟಿಯ ಮುಖದ ಹತ್ತಿರ ಒಯ್ದು ಅಲ್ಲೇ ನಿಲ್ಲಿಸಿದ. ಮೇಕಪ್ ಇಲ್ಲ. ನ್ಯಾಯಾಧೀಶನ ತುಟಿ ಅಲುಗಾಡುತ್ತದೆ, ಪ್ರಶ್ನೆ ಮೂಡುತ್ತದೆ, ಆಮೇಲೆ ಆ ಹುಡುಗಿಯ ಕಣ್ಣು. ಉತ್ತರ ಬರುವ ಮೊದಲಿನ ಆ ಕ್ಷಣವಿದೆಯಲ್ಲ, ಅದು ಯಾವ ದಾಖಲೆಯಲ್ಲೂ ಇರಲಾರದು. ಅದ್ದೂರಿಯೇ ಬೇಕೆನ್ನುವವರಿಗೆ ಅಬೆಲ್ ಗಾನ್ಸ್‌ನ 'ನೆಪೋಲಿಯನ್' ಇದೆ, 1927ರದ್ದು. ಕೊನೆಗೆ ಮೂರು ಪರದೆಗಳ ಮೇಲೆ ಒಟ್ಟಿಗೇ ಸೈನ್ಯ ಹರಡಿಕೊಳ್ಳುತ್ತದೆ.

ಡ್ರೇಯರ್‌ನ ಚಿತ್ರದ ಮೂಲ ನೆಗೆಟಿವ್ ಬೆಂಕಿಗೆ ಹೋಯಿತು. ಉಳಿದ ತುಣುಕುಗಳಿಂದ ಅವನು ಮತ್ತೊಂದು ಪ್ರತಿ ಕಟ್ಟಿದ. 1981ರಲ್ಲಿ ನಾರ್ವೆಯ ಓಸ್ಲೋದ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಮೊದಲಿನ ರೂಪದ ಪ್ರತಿ ಸಿಕ್ಕಿತು. ಅದೃಷ್ಟ.

ನಮಗೆ ಆ ಅದೃಷ್ಟವಿಲ್ಲ. 'ಶಿರಾಜ್'ನಲ್ಲಿ ನಾಯಕಿ ಸೆಲಿಮಾ ಆಗಿದ್ದ ಏಣಾಕ್ಷಿ ರಾಮರಾವ್, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರ ಜೊತೆ ಮೋಹನ್ ಭವನಾನಿಯ 'ಮೃಚ್ಛಕಟಿಕ'ದಲ್ಲಿ ನಟಿಸಿದ್ದರು. ಕನ್ನಡ ಚಿತ್ರರಂಗದ ಮೊದಲ ಹೆಜ್ಜೆಗಳ ಕತೆ ಹೇಳುವಾಗ ಆ ಹೆಸರು ಬರುತ್ತದೆ, ಕ್ವಿಜ್‌ಗಳಲ್ಲೂ ಬರುತ್ತದೆ. ನೋಡೋಣವೆಂದರೆ ಚಿತ್ರವೇ ಇಲ್ಲ. ಭಾರತದಲ್ಲಿ ಸಾವಿರಕ್ಕೂ ಹೆಚ್ಚು ಮೂಕಿಗಳು ತಯಾರಾದವು, ಉಳಿದಿರುವುದು ಬೆರಳೆಣಿಕೆಯವು. ನೈಟ್ರೇಟ್ ಫಿಲ್ಮ್ ಸುಟ್ಟುಹೋಯಿತು, ಕೊಳೆಯಿತು, ಬೆಳ್ಳಿಗಾಗಿ ಕರಗಿತು. ಟಾಕಿ ಬಂದ ಮೇಲೆ ಮೂಕಿ ಯಾರಿಗೆ ಬೇಕು ಎಂದುಕೊಂಡರು. ಆ ಹುಡುಗ ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ಆದರೆ ತಪ್ಪು ಅವನದಲ್ಲ, ನನ್ನಂಥವರದು. ಮೂಕಿಯನ್ನು ನಾವು ತಿಥಿ ಊಟದ ಹಾಗೆ ಬಡಿಸುತ್ತೇವೆ: ಭಕ್ತಿಯಿಂದ, ಕ್ಷಮೆ ಕೇಳುತ್ತ. ಯೂಟ್ಯೂಬಿನಲ್ಲಿ ಸಿಕ್ಕ ಮಸುಕು ಪ್ರತಿಯನ್ನು ಸದ್ದಿಲ್ಲದೆ ಓಡಿಸುತ್ತೇವೆ. ಮೂಕಿಗಳನ್ನು ಯಾವತ್ತೂ ಮೌನದಲ್ಲಿ ತೋರಿಸುತ್ತಿರಲಿಲ್ಲ. ಪರದೆಯ ಬದಿಯಲ್ಲೇ ಹಾರ್ಮೋನಿಯಂ, ತಬಲಾ ಇರುತ್ತಿದ್ದವು, ಬರಹವನ್ನು ಗಟ್ಟಿಯಾಗಿ ಓದಿ ಹೇಳುವವರಿರುತ್ತಿದ್ದರು. ನಾನು ಅವತ್ತು ತೋರಿಸಿದ್ದೂ ಅಂಥ ಮಸುಕು ಪ್ರತಿಯನ್ನೇ. ಅಷ್ಟರಲ್ಲಾಗಲೇ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಸರಿಪಡಿಸಿದ, ಅನೌಷ್ಕಾ ಶಂಕರ್ ಸಂಗೀತವಿರುವ 'ಶಿರಾಜ್' ಬಂದಿತ್ತು. ಹುಡುಕುವ ಶ್ರಮ ನಾನು ತೆಗೆದುಕೊಳ್ಳಲಿಲ್ಲ. ಮಕ್ಕಳಿಗೆ ತಾಳ್ಮೆಯಿಲ್ಲ ಎಂದು ಮನೆಗೆ ಬಂದು ಬೈದುಕೊಂಡೆ.

ಈ ವರ್ಷ ಮತ್ತೆ ಅದೇ ಕಾಲೇಜಿಗೆ ಹೋಗುತ್ತಿದ್ದೇನೆ. ಈ ಸಲ ಜೋನ್. ಒಳ್ಳೆಯ ಪ್ರತಿ, ಒಳ್ಳೆಯ ಸ್ಪೀಕರು, ಭಾಷಣ ಇಲ್ಲ. ಆ ಹುಡುಗ ಇನ್ನೂ ಅಲ್ಲೇ ಓದುತ್ತಿದ್ದರೆ ಮೊದಲ ಸಾಲಿನಲ್ಲಿ ಕೂರಿಸಿ, ಮುಗಿದ ಮೇಲೆ ಅವನ ಪ್ರಶ್ನೆಯನ್ನು ಅವನಿಗೇ ಕೇಳುತ್ತೇನೆ.