ಗಣಕಯಂತ್ರದ ಉಷ್ಣವೂ ಕೊಠಡಿಯ ಉಷ್ಣವೂ

ಗಣಕಯಂತ್ರವನ್ನು ಸಿದ್ಧವಾಗಿ ಕೊಳ್ಳದೆ, ಬಿಡಿಭಾಗಗಳನ್ನು ತಂದು ಮನೆಯಲ್ಲಿಯೇ ಜೋಡಿಸಿಕೊಳ್ಳುವ ಹವ್ಯಾಸವು ನಮ್ಮ ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಹರಡಿ ಬಹುಕಾಲವಾಯಿತು. ಜಯನಗರದಿಂದಲೋ ಬನಶಂಕರಿಯಿಂದಲೋ ಹಸುರು ಮಾರ್ಗದ ಮೆಟ್ರೋ ಹಿಡಿದು, ಪೇಟೆಯಲ್ಲಿಳಿದು, ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಚೌಕಾಸಿ ಮಾಡಿ, ಎರಡು ಕೈಗಳಲ್ಲಿಯೂ ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು ಮನೆಗೆ ಹಿಂದಿರುಗುವ ಯುವಕರನ್ನು ವಾಚಕರು ನೋಡಿಯೇ ಇರುವರು. ಹವ್ಯಾಸವು ಒಳ್ಳೆಯದು. ಆದರೆ ಯಂತ್ರವು ನಡೆಯತೊಡಗಿದ ಮರುದಿನದಿಂದಲೇ ಒಂದು ಹೊಸ ಚಿಂತೆಯು ಹುಟ್ಟಿಕೊಳ್ಳುವುದು. "ನಿನ್ನ ಪ್ರೊಸೆಸರ್ ಎಷ್ಟು ಡಿಗ್ರಿ?" "ಅರವತ್ತೆಂಟು. ನಿನ್ನದು?" "ಎಂಬತ್ಮೂರು!" ಎಂಬತ್ಮೂರು ಎಂದವನಿಗೆ ಆ ರಾತ್ರಿ ನಿದ್ರೆಯಿಲ್ಲ.

ಹೀಗೆ ನಿದ್ರೆಗೆಟ್ಟ ಹುಡುಗನೊಬ್ಬನ ತಂದೆಯವರು ಕಳೆದ ಬೇಸಗೆಯಲ್ಲಿ ಜೆ.ಪಿ. ನಗರದಿಂದ ನಮ್ಮಲ್ಲಿಗೆ ಬಂದಿದ್ದರು. "ಮೇಷ್ಟ್ರೇ, ನೀರಿನ ಕೂಲರ್ ಬೇಕೆಂದು ಹುಡುಗ ಹಟ ಹಿಡಿದಿದ್ದಾನೆ. ಕೊಡಿಸದಿದ್ದರೆ ಯಂತ್ರವೇ ಸುಟ್ಟುಹೋಗುತ್ತದೆಯಂತೆ. ನಿಜವೇ?" ಎಂದು ಕೇಳಿದರು. ಯಂತ್ರಕ್ಕಾಗಿ ಮಾಡಿದ ಸಾಲದ ಕಂತುಗಳೇ ಇನ್ನೂ ತೀರಿರಲಿಲ್ಲ. ಅದರ ಮೇಲೆ ಇನ್ನೂ ಏಳೆಂಟು ಸಾವಿರ ರೂಪಾಯಿಗಳ ಮಾತು. ಆ ಹುಡುಗನು ಹೋಲಿಸಿಕೊಂಡುದಾದರೂ ನಮ್ಮ ಮನೆಯ ಯಂತ್ರದೊಡನೆಯೇ. ನಮ್ಮ ಮೊಮ್ಮಗನೂ ಅವನೂ ಸಹಪಾಠಿಗಳು. ಇಬ್ಬರಲ್ಲಿಯೂ ಇಂಟೆಲ್ ಕಂಪೆನಿಯ ಐ5-12400 ಎಂಬ ಒಂದೇ ಪ್ರೊಸೆಸರು. ಪೆಟ್ಟಿಗೆಯೊಳಗೆ ಅದರ ಜೊತೆಯಲ್ಲಿಯೇ ಬಂದ ಒಂದೇ ಬಗೆಯ ಚಿಕ್ಕ ಕೂಲರು.

ಸಂಖ್ಯೆಗಳು ಎರಡೂ ಸತ್ಯವೇ. ಆದರೆ ಒಂದು ಜನವರಿಯದು, ಇನ್ನೊಂದು ಏಪ್ರಿಲ್ ತಿಂಗಳ ಮಧ್ಯಾಹ್ನದ್ದು. ಒಂದು ಮರಗಳ ನೆರಳಿನ ಕೆಳಮನೆಯದು, ಇನ್ನೊಂದು ತಾರಸಿಯ ಕೆಳಗಣ, ಪಶ್ಚಿಮದ ಬಿಸಿಲು ಬೀಳುವ ಮೂರನೆಯ ಅಂತಸ್ತಿನದು. ಗೋಡೆಗೆ ತೂಗುಹಾಕುವ ಉಷ್ಣಮಾಪಕವನ್ನು ತೆಗೆದುಕೊಂಡು ನಾವೇ ಅಲ್ಲಿಗೆ ಹೋದೆವು. ಅವರ ಕೊಠಡಿಯ ಉಷ್ಣಾಂಶವು 35 ಡಿಗ್ರಿ ಇತ್ತು. ನಮ್ಮ ಮನೆಯಲ್ಲಿ ಜನವರಿಯಲ್ಲಿ ಅಳೆದ ದಿನ ಇದ್ದುದು 24. ಕಳೆದು ನೋಡಿದರೆ ನಮ್ಮ ಯಂತ್ರವು ಕೊಠಡಿಗಿಂತ 44 ಡಿಗ್ರಿ ಮೇಲೇರಿತ್ತು, ಅವರದು 48. ಹದಿನೈದು ಡಿಗ್ರಿಗಳ ಅಂತರವೆಂದು ಹೆದರಿದ್ದರಲ್ಲಿ ಹನ್ನೊಂದು ಡಿಗ್ರಿ ಬೆಂಗಳೂರಿನ ಬಿಸಿಲಿಗೆ ಸೇರಿದ್ದು. ವಿಚಾರಿಸಬೇಕಾದುದು ಉಳಿದ ನಾಲ್ಕನ್ನು ಮಾತ್ರ.

ಸಂಸ್ಕೃತ ವ್ಯಾಕರಣವನ್ನೋದಿದವರಿಗೆ ಇದು ಹೊಸ ವಿಷಯವಲ್ಲ. "ಹೆಚ್ಚು" ಎಂದೊಡನೆ "ಯಾವುದಕ್ಕಿಂತ?" ಎಂಬ ಆಕಾಂಕ್ಷೆಯು ಏಳುವುದು, ಅದನ್ನು ತೋರಿಸುವ ಪದಾರ್ಥಕ್ಕೆ ಅವಧಿಯೆಂದು ಹೆಸರು. ಅವಧಿಯಿಲ್ಲದ ಹೋಲಿಕೆಯು ಹೋಲಿಕೆಯೇ ಅಲ್ಲ. ಕೂಲರಿನ ವಿಷಯದಲ್ಲಿ ಕೊಠಡಿಯ ಗಾಳಿಯೇ ಅವಧಿ. ಫ್ಯಾನಿನದಾಗಲಿ ನೀರಿನದಾಗಲಿ, ಕೊನೆಗೆ ಆ ಗಾಳಿಗೇ ಉಷ್ಣವನ್ನು ಒಪ್ಪಿಸಬೇಕಾದುದರಿಂದ, ಪ್ರೊಸೆಸರನ್ನು ಅದಕ್ಕಿಂತ ತಣ್ಣಗೆ ಮಾಡುವ ಶಕ್ತಿಯು ಈ ಎರಡಕ್ಕೂ ಇಲ್ಲ. ಕೊಠಡಿಯು ಹತ್ತು ಡಿಗ್ರಿ ಏರಿದರೆ ಪ್ರೊಸೆಸರೂ ಸುಮಾರು ಹತ್ತು ಡಿಗ್ರಿ ಏರುವುದು.

ಉಷ್ಣವು ಹುಟ್ಟುವುದೇತಕ್ಕೆಂದು ಗೃಹಿಣಿಯರು ಕೇಳಬಹುದು. ಪ್ರೊಸೆಸರು ನುಂಗಿದ ವಿದ್ಯುಚ್ಛಕ್ತಿಯೆಲ್ಲವೂ ಕಡೆಗೆ ಉಷ್ಣವಾಗಿಯೇ ಹೊರಬೀಳುವುದು. ಮೇಲೆ ಹೇಳಿದ ಪ್ರೊಸೆಸರಿನ ಮೂಲಪ್ರಮಾಣವು 65 ವ್ಯಾಟ್. ಹಿಂದಿನ ಕಾಲದ 60 ವ್ಯಾಟಿನ ಗಾಜಿನ ಬಲ್ಬನ್ನು ಉರಿಯುತ್ತಿರುವಾಗ ಮುಟ್ಟಿದವರಿಗೆ ಆ ಬಿಸಿಯು ನೆನಪಿರುವುದು. ಅಷ್ಟು ಉಷ್ಣವು ಇಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗದಿಂದ ಏಳಬೇಕು. ಅದು ಮೊದಲು ಪೇಸ್ಟಿನ ತೆಳುಲೇಪವನ್ನು ದಾಟಿ ಕೂಲರಿನ ಲೋಹಕ್ಕೆ, ಲೋಹದ ರೆಕ್ಕೆಗಳಿಂದ ಗಾಳಿಗೆ, ಕ್ಯಾಬಿನೆಟ್ಟಿನಿಂದ ಕೊಠಡಿಗೆ, ಕೊಠಡಿಯಿಂದ ಕಿಟಕಿಯಾಚೆಗೆ ಹೋಗುವುದು. ಈ ಸಾಲಿನಲ್ಲಿ ಒಬ್ಬನು ನಿಂತರೆ ಹಿಂದಿನವರೆಲ್ಲರೂ ನಿಲ್ಲುವರು.

ಜೆ.ಪಿ. ನಗರದ ಮನೆಯಲ್ಲಿ ನಿಂತಿದ್ದವರು ಇಬ್ಬರು. ಕ್ಯಾಬಿನೆಟ್ಟನ್ನು ಕಂಪ್ಯೂಟರ್ ಮೇಜಿನ ಕೆಳಗಣ ಬಾಗಿಲುಳ್ಳ ಗೂಡಿನೊಳಗೆ ತಳ್ಳಿ, ಧೂಳು ಬೀಳದಿರಲೆಂದು ಬಾಗಿಲನ್ನು ಮುಚ್ಚಿದ್ದರು. ತಾನು ಹೊರಬಿಟ್ಟ ಬಿಸಿಗಾಳಿಯನ್ನೇ ಯಂತ್ರವು ಮತ್ತೆ ಸೇವಿಸುತ್ತಿತ್ತು. ಕೂಲರಿನ ರೆಕ್ಕೆಗಳ ಸಂದಿನಲ್ಲಿಯಾದರೋ ಧೂಳು ಕಂಬಳಿಯಂತೆ ಕೂತಿತ್ತು. ಗೂಡಿನಿಂದ ಹೊರಗೆಳೆದು, ಧೂಳನ್ನು ತೆಗೆದು, ಅರ್ಧ ಗಂಟೆ ನಡೆಯಿಸಿ ನೋಡಲಾಗಿ, ಕೊಠಡಿಯು ಅದೇ 35 ಡಿಗ್ರಿಯಲ್ಲಿರುವಾಗ ಪ್ರೊಸೆಸರು 78ಕ್ಕೆ ಇಳಿಯಿತು. ಖರ್ಚಾದುದು ಒಂದು ಬಣ್ಣದ ಕುಂಚ.

ಇನ್ನು, ಸುಟ್ಟುಹೋಗುವುದೆಂಬ ಭಯ. ಈ ಪ್ರೊಸೆಸರಿಗೆ ಮಿತಿಯು 100 ಡಿಗ್ರಿ. ಅದನ್ನು ಮುಟ್ಟಿದೊಡನೆ ಅದು ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುವುದು. ಅದಕ್ಕೂ ಮೀರಿದರೆ ಯಂತ್ರವು ನಿಂತುಬಿಡುವುದು. ಆಗ ನಷ್ಟವಾಗುವುದು ವೇಗ, ಮತ್ತು ಉಳಿಸದೆ ಬಿಟ್ಟಿದ್ದ ಕೆಲಸ. ಮನುಷ್ಯರೆಲ್ಲರಿಗೂ ಜ್ವರದ ಅಳತೆ ಒಂದೇ, ಪ್ರೊಸೆಸರುಗಳಿಗೆ ಹಾಗಲ್ಲ. 2022ರಲ್ಲಿ ಬಂದ ಎಎಮ್‌ಡಿ ಕಂಪೆನಿಯ ರೈಜನ್ 7950ಎಕ್ಸ್ ಎಂಬುದು ಪೂರ್ಣಭಾರದಲ್ಲಿ 95 ಡಿಗ್ರಿಯಲ್ಲಿಯೇ ಕೆಲಸ ಮಾಡುವಂತೆ ರಚಿತವಾದುದು. ಅದರ 95ನ್ನೂ ಇನ್ನೊಂದರ 78ನ್ನೂ ಅಕ್ಕಪಕ್ಕದಲ್ಲಿಟ್ಟು ಜಯಾಪಜಯಗಳನ್ನು ನಿರ್ಣಯಿಸುವುದು ಯುಕ್ತವಲ್ಲ.

ನಮ್ಮ ಊರಿನ ವಿಶೇಷವೂ ಒಂದಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ; ಇಲ್ಲಿ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುವುದು. ಗಾಳಿಯು ಕರಾವಳಿಯದಕ್ಕಿಂತ ಹತ್ತರಲ್ಲೊಂದು ಪಾಲಿನಷ್ಟು ತೆಳುವಾದುದರಿಂದ ಫ್ಯಾನು ಅಷ್ಟೇ ಸುತ್ತು ತಿರುಗಿದರೂ ಸಾಗಿಸುವ ಗಾಳಿಯ ತೂಕವು ಕಡಮೆ. ನಮ್ಮ ಹವೆಯ ತಂಪು ಈ ಕೊರತೆಯನ್ನು ವರ್ಷದ ಬಹುಭಾಗ ಮುಚ್ಚಿಡುವುದು. ಆದರೆ 2016ರ ಏಪ್ರಿಲ್ 24ರಂದು ಇದೇ ಊರಿನಲ್ಲಿ 39.2 ಡಿಗ್ರಿ ದಾಖಲಾಯಿತೆಂಬುದನ್ನು ಮರೆಯಬಾರದು. ಡಿಸೆಂಬರಿನಲ್ಲಿ ಯಂತ್ರವನ್ನು ಜೋಡಿಸಿ, ಆ ತಿಂಗಳ ಅಂಕೆಯನ್ನು ನೋಡಿ ಸಂತೋಷಪಟ್ಟವರು ಅದಕ್ಕೆ ಹದಿನೈದನ್ನು ಕೂಡಿಸಿ ನೋಡುವುದು ಕ್ಷೇಮ.

ಹೊಸ ಕೂಲರನ್ನು ಕೊಳ್ಳಲೇಬಾರದೆಂದು ನಮ್ಮ ಅಭಿಪ್ರಾಯವಲ್ಲ. ಎರಡು ಮೂರು ಸಾವಿರಕ್ಕೆ ದೊರೆಯುವ ಎತ್ತರದ ಗಾಳಿಕೂಲರುಗಳು ಬಹು ಸೊಗಸಾದ ಉಪಕರಣಗಳು. ಅವುಗಳ ತಾಮ್ರದ ನಳಿಗೆಗಳಲ್ಲಿ ಸ್ವಲ್ಪವೇ ದ್ರವವಿರುವುದು. ಅದು ಬಿಸಿಯ ಕಡೆ ಆವಿಯಾಗಿ, ಮೇಲಿನ ರೆಕ್ಕೆಗಳ ಬಳಿ ಇಡ್ಲಿಪಾತ್ರೆಯ ಮುಚ್ಚಳದ ಹನಿಗಳಂತೆ ಮತ್ತೆ ನೀರಾಗಿ ಹಿಂದಿರುಗುವುದು. ಮಾಳಿಗೆಯ ಬಿಸಿಕೋಣೆಯಲ್ಲಿ ಗಂಟೆಗಟ್ಟಲೆ ಚಲಚ್ಚಿತ್ರಗಳನ್ನು ಸಂಕಲಿಸುವವರಿಗೆ ಇದು ಸಾಕು. ನೀರಿನ ಕೂಲರು ಸಾರ್ಥಕವಾಗುವುದು 253 ವ್ಯಾಟ್‌ವರೆಗೆ ಸೆಳೆಯಬಲ್ಲ ಐ9-14900ಕೆ ಮುಂತಾದ ಮಹಾಕಾಯರಿಗೆ. ಅದರಲ್ಲಿ ಪಂಪೂ ಇರುವುದು. ಪಂಪೆಂದ ಮೇಲೆ ಒಂದು ದಿನ ಕೆಡತಕ್ಕದ್ದೇ. ಅಲ್ಲದೆ ನೀರು ಕಾಯುವುದು ನಿಧಾನ. ಮೊದಲ ಐದು ನಿಮಿಷಗಳ ಅಂಕೆಯನ್ನು ತೋರಿಸಿ ಮೆರೆಯುವವರನ್ನು ಅರ್ಧ ಗಂಟೆ ಕಾಯಿರೆನ್ನಬೇಕು.

ಮೊಮ್ಮಗನೂ ಅವನ ಸ್ನೇಹಿತನೂ ಈಗ ಒಂದು ಪುಸ್ತಕವನ್ನಿಟ್ಟಿರುವರು. ತಾರೀಖು, ಕೊಠಡಿಯ ಉಷ್ಣಾಂಶ, ಸಿನೆಬೆಂಚ್ ಎಂಬ ಪರೀಕ್ಷೆಯನ್ನು ಅರ್ಧ ಗಂಟೆ ನಡೆಯಿಸಿದ ಮೇಲಿನ ಪ್ರೊಸೆಸರಿನ ಉಷ್ಣಾಂಶ, ಇವೆರಡರ ವ್ಯತ್ಯಾಸ. ತಿಂಗಳಿಂದ ತಿಂಗಳಿಗೆ ವ್ಯತ್ಯಾಸವು ಏರುತ್ತ ಬಂದರೆ ಕುಂಚವನ್ನು ಹುಡುಕುವರು.

ಧೂಳಿನ ವಿಷಯವಾಗಿ ಗೃಹಿಣಿಯರಿಗೆ ಒಂದೆರಡು ಮಾತು. ಬಿ.ಟಿ.ಎಂ. ಲೇಔಟಿನವರು, 2025ರ ಆಗಸ್ಟ್ 10ರಂದು ಹಳದಿ ಮಾರ್ಗವು ತೆರೆಯುವವರೆಗೆ, ಮೆಟ್ರೋ ಕಾಮಗಾರಿಯ ಧೂಳನ್ನು ವರ್ಷಗಟ್ಟಲೆ ಉಂಡವರು. ಬೀದಿಯ ಧೂಳಿಗೆ ಒಗ್ಗರಣೆಯ ಎಣ್ಣೆಹೊಗೆಯೂ ಊದುಬತ್ತಿಯ ಹೊಗೆಯೂ ಸೇರಿದರೆ ಅದು ರೆಕ್ಕೆಗಳಿಗೆ ಅಂಟಿನಂತೆ ಹತ್ತುವುದು. ಒದ್ದೆ ಬಟ್ಟೆಯನ್ನು ಒಳಗೆ ತಾಗಿಸಬಾರದು. ವಿದ್ಯುತ್ತಿನ ತಂತಿಯನ್ನು ಕಿತ್ತು, ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದು, ಒಣಕುಂಚದಿಂದ ಸವರಿದರೆ ಸಾಕು. ಬೇಸಗೆಗೆ ಮುಂಚೆ, ಯುಗಾದಿಗೆ ಮನೆ ಗುಡಿಸಿ ಸಾರಿಸುವ ವಾರವು ಇದಕ್ಕೆ ಅನುಕೂಲ; ಇನ್ನೊಂದು ಸಲ ಆಯುಧಪೂಜೆಗೆ. ಪೂಜೆಯ ದಿನ ಅರಿಶಿನ ಕುಂಕುಮಗಳನ್ನು ಪಕ್ಕದ ತಗಡಿಗೆ ಹಚ್ಚಲಿ. ಸೇವಂತಿಗೆಯ ಎಸಳುಗಳನ್ನು ಮಾತ್ರ ಮೇಲಿನ ಜಾಲರಿಯ ಮೇಲೆ ಹಾಕದಿರಲಿ. ಅವು ಒಳಗೆ ಬಿದ್ದರೆ ಫ್ಯಾನಿಗೆ ಸಿಕ್ಕಿಕೊಳ್ಳುವುವು.